ಮಣ್ಣಿನ ಕೋಟೆ, ಕಲ್ಲಿನ ಕವಚ

ದೇವಾಲಯವನ್ನು ಭಕ್ತಿ ಕಟ್ಟಿಸುತ್ತದೆ. ಅರಮನೆಯನ್ನು ವೈಭವದ ಆಸೆ ಕಟ್ಟಿಸುತ್ತದೆ. ಮನೆಯನ್ನು ಸಂಸಾರ ಕಟ್ಟಿಸುತ್ತದೆ. ಕೋಟೆಯನ್ನು ಕಟ್ಟಿಸುವುದು ಮಾತ್ರ ಭಯ. ಅದರ ನಿಜವಾದ ಶಿಲ್ಪಿ ಒಳಗೆ ಕುಳಿತ ಪಾಳೆಯಗಾರನಲ್ಲ, ಹೊರಗೆ ನಿಂತ ಶತ್ರು. ಆ ಶತ್ರುವಿನ ಕೈಯಲ್ಲಿ ಬಿಲ್ಲು ಏಣಿಗಳಿದ್ದ ಕಾಲಕ್ಕೆ ಗೋಡೆ ಎತ್ತರವಾಯಿತು. ಅವನು ಕುದುರೆಯೇರಿ ಬಂದಾಗ ಗೋಡೆಯ ಸುತ್ತ ಕಂದಕ ಮೂಡಿತು. ಅವನು ಫಿರಂಗಿಯನ್ನು ಎಳೆದು ತಂದಾಗ ಗೋಡೆ ದಪ್ಪವಾಗಿ, ಒಡಲ ತುಂಬ ಮಣ್ಣು ಹೊತ್ತು ನಿಂತಿತು. ಹಳೆಯ ಕೋಟೆಯೊಂದನ್ನು ಓದಬಲ್ಲವನು ಆ ನಾಡಿನ ಭಯಗಳ ಚರಿತ್ರೆಯನ್ನೇ ಓದಿದಂತೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸಿಸುವ ಕುಟುಂಬಗಳಿಗೆ ಕೋಟೆಯೆಂದೊಡನೆ ಕಣ್ಣಿಗೆ ಕಟ್ಟುವುದು ಬಹುಶಃ ಬೆಂಗಳೂರು ಅರಮನೆ. ಅದರ ಗೋಪುರಗಳೂ ಗೋಡೆಯ ನೆತ್ತಿಯ ತೆನೆಗಳೂ ಯೂರೋಪಿನ ಹಳೆಯ ದುರ್ಗಗಳನ್ನು ನೆನಪಿಗೆ ತರುತ್ತವೆ. ಆದರೆ 1873ರಲ್ಲಿ ಎಳೆಯ ಚಾಮರಾಜೇಂದ್ರ ಒಡೆಯರಿಗಾಗಿ ಕೊಂಡ ಆ ಕಟ್ಟಡದ ತೆನೆಗಳ ಹಿಂದೆ ಬಿಲ್ಲುಗಾರನಾಗಲಿ ಬಂದೂಕಿನವನಾಗಲಿ ಶತ್ರುವಿಗಾಗಿ ಕಾದು ನಿಂತದ್ದಿಲ್ಲ. ಅದು ಕೋಟೆಯ ವೇಷ ತೊಟ್ಟ ಮನೆ. ನಿಜವಾಗಿ ಹೆದರಿದ, ನಿಜವಾಗಿ ಏಟು ತಿಂದ ಗೋಡೆಯನ್ನು ಕಾಣಬೇಕಾದರೆ ಬಳ್ಳಾರಿ ರಸ್ತೆಯನ್ನು ಹಿಡಿದು, ಹೆಬ್ಬಾಳವನ್ನೂ ಯಲಹಂಕವನ್ನೂ ದಾಟಿ, ನಗರದಿಂದ ಸುಮಾರು 35 ಕಿಲೋಮೀಟರ್ ದೂರದ ದೇವನಹಳ್ಳಿಗೆ ಹೋಗಬೇಕು. ವಿಮಾನ ನಿಲ್ದಾಣಕ್ಕೆ ಧಾವಿಸುವ ಸಾವಿರಾರು ಜನರಲ್ಲಿ ಇನ್ನು ನಾಲ್ಕು ಹೆಜ್ಜೆ ಮುಂದೆ ಹೋಗಿ ಆ ಕೋಟೆಯನ್ನು ನೋಡಿ ಬಂದವರು ವಿರಳ.

ಯಲಹಂಕದಲ್ಲಿ ನೆಲೆಸಿರುವ ನಿವೃತ್ತ ಓವರ್‌ಸಿಯರರೊಬ್ಬರಿಗೆ ಆ ಕೋಟೆಯ ಮೇಲೆ ಹಳೆಯ ಅಭಿಮಾನ. ಜೀವಮಾನವೆಲ್ಲ ರಸ್ತೆ, ಮೋರಿ, ಸೇತುವೆಗಳ ಕೆಲಸದಲ್ಲಿ ಸವೆದ ಅವರು ಗೋಡೆಯನ್ನು ನೋಡುವ ರೀತಿಯೇ ಬೇರೆ. ಅಂದವನ್ನು ಆಮೇಲೆ ನೋಡುತ್ತಾರೆ, ತಳಪಾಯವನ್ನು ಮೊದಲು. ಅವರ ಮೊಮ್ಮಗಳು ಫ್ರಾನ್ಸ್ ದೇಶದ ಟೂಲೂಸ್ ನಗರದಲ್ಲಿ ವಿಮಾನ ನಿರ್ಮಾಣದ ವಿದ್ಯೆಯನ್ನು ಕಲಿಯುತ್ತಿದ್ದಾಳೆ. ರಜೆಗೆಂದು ಊರಿಗೆ ಬಂದ ಹುಡುಗಿ ಅಲ್ಲಿಗೆ ಸಮೀಪದ ಕಾರ್ಕಸೋನ್ ಕೋಟೆಯ ಚಿತ್ರಗಳನ್ನು ತಾತನ ಮುಂದೆ ಹರಡಿದಳು. 52 ಗೋಪುರಗಳು, ಒಂದರೊಳಗೊಂದು ಎರಡು ಸುತ್ತು ಗೋಡೆ, ಒಟ್ಟು 3 ಕಿಲೋಮೀಟರ್ ಪ್ರಾಕಾರ!

"ತಾತ, ಅವರು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ ನೋಡಿ. ನಮ್ಮ ಕಡೆ ಇಂಥದ್ದು ಏನೂ ಉಳಿದಿಲ್ಲ, ಅಲ್ವಾ?"

ಮಾತು ಸಹಜವಾಗಿಯೇ ಬಂದಿತ್ತು. ಆದರೂ ವೃದ್ಧರ ಮನಸ್ಸಿಗೆ ಅದು ನಾಟಿತು. ಅವರು ವಾದಕ್ಕಿಳಿಯಲಿಲ್ಲ. "ನಾಳೆ ಬೆಳಿಗ್ಗೆ ಬೇಗ ಏಳಮ್ಮ, ಒಂದು ಕಡೆ ಹೋಗಿಬರೋಣ" ಎಂದಷ್ಟೇ ಹೇಳಿದರು.

ದೇವನಹಳ್ಳಿಯ ಕೋಟೆಯ ಕಥೆ ಆರಂಭವಾಗುವುದು ಕೆಲವು ಬಂಡಿಗಳಿಂದ. ಕಾಂಚೀಪುರದ ಸೀಮೆಯಿಂದ ಏಳು ಮಂದಿ ಸಹೋದರರು ರಾತ್ರೋರಾತ್ರಿ ಸಂಸಾರ ಸಮೇತ ಹೊರಟು ಬಂದರೆಂದು ಪರಂಪರೆ ಹೇಳುತ್ತದೆ. ಮನೆಯ ಮಗಳನ್ನು ಬಲವಂತದಿಂದ ಮದುವೆಯಾಗಬಯಸಿದ ಪ್ರಬಲನೊಬ್ಬನಿಗೆ ಹೆದರಿ ಅವರು ನಾಡು ತೊರೆದರಂತೆ. ದಾರಿಗಡ್ಡವಾದ ಹೊಳೆಗೆ ಆ ಹುಡುಗಿ ತನ್ನ ಮುತ್ತಿನ ಓಲೆಯನ್ನು ಅರ್ಪಿಸಲು ನೀರು ಇಬ್ಭಾಗವಾಗಿ ದಾರಿ ಬಿಟ್ಟಿತಂತೆ. ಕಥೆಯ ನಿಜ ಹೇಗಾದರೂ ಇರಲಿ, ನಂದಿಬೆಟ್ಟದ ಸೀಮೆಯ ಆವತಿಯಲ್ಲಿ ನೆಲೆಯೂರಿದ ರಣಭೈರೇಗೌಡನ ಮನೆತನವು ಈ ನಾಡಿನ ಚರಿತ್ರೆಯಲ್ಲಿ ಆಳವಾಗಿ ಬೇರು ಬಿಟ್ಟಿತು. ಅದರ ಒಂದು ಕವಲು ಯಲಹಂಕಕ್ಕೆ ಹೋಯಿತು. ಆ ಕವಲಿನಲ್ಲಿ ಹುಟ್ಟಿದ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಇನ್ನೊಂದು ಕವಲಿನ ಮಲ್ಲಭೈರೇಗೌಡನು ಅದಕ್ಕೂ ಮುಂಚೆ, 1501ರಲ್ಲಿ, ದೇವನದೊಡ್ಡಿಯೆಂಬ ಹಳ್ಳಿಯಲ್ಲಿ ಒಂದು ಮಣ್ಣಿನ ಕೋಟೆಯನ್ನು ಎಬ್ಬಿಸಿದನು. ಆ ದೇವನದೊಡ್ಡಿಯೇ ದೇವನಹಳ್ಳಿ. ವಿಮಾನ ನಿಲ್ದಾಣಕ್ಕೆ ಕೆಂಪೇಗೌಡನ ಹೆಸರಿಟ್ಟು, 2022ರಲ್ಲಿ ಅಲ್ಲಿ ಅವನ 108 ಅಡಿ ಎತ್ತರದ ಪ್ರತಿಮೆಯನ್ನು ನಿಲ್ಲಿಸಿದಾಗ, ಪ್ರತಿಮೆಯು ತನ್ನ ದಾಯಾದಿಗಳ ಸೀಮೆಯಲ್ಲೇ ನಿಂತಿತೆಂಬುದನ್ನು ಎಷ್ಟು ಜನ ಗಮನಿಸಿದರೋ!

ಮಣ್ಣಿನ ಕೋಟೆಯೆಂದರೆ ಇಂದಿನವರಿಗೆ ತಾತ್ಸಾರ. ಮಳೆ ಬಂದರೆ ಕರಗುವ ಗೋಡೆ ಯಾವ ಕೋಟೆ ಎಂದು ನಗುವವರೂ ಉಂಟು. ಆದರೆ ಅದರಲ್ಲಿ ಒಂದು ಮಿತವ್ಯಯದ ಜಾಣತನವಿದೆ. ಕಂದಕದಿಂದ ಎತ್ತಿದ ಒಂದೊಂದು ಮಂಕರಿ ಮಣ್ಣೂ ಎರಡು ಕೆಲಸ ಮಾಡುತ್ತದೆ: ಕೆಳಗೆ ಹಳ್ಳ ಆಳವಾಗುತ್ತದೆ, ಮೇಲೆ ಗೋಡೆ ಎತ್ತರವಾಗುತ್ತದೆ. ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಊರಿನ ಜನರ ತೋಳು, ಎತ್ತುಗಳ ಹೆಗಲು ಇದ್ದರೆ ಸಾಕು. ಫ್ರಾನ್ಸಿನಲ್ಲಿಯೂ ಸಾವಿರ ವರ್ಷಗಳ ಹಿಂದೆ ಸಾಮಂತರು ಹೀಗೆಯೇ ಆರಂಭಿಸಿದರು. ಸುತ್ತ ಹಳ್ಳ ತೋಡಿ, ಆ ಮಣ್ಣನ್ನು ನಡುವೆ ದಿಬ್ಬವಾಗಿ ಸುರಿದು, ದಿಬ್ಬದ ಮೇಲೆ ಮರದ ಬೇಲಿಯನ್ನೂ ಮರದ ಅಟ್ಟಣೆಯನ್ನೂ ನಿಲ್ಲಿಸಿದರು. ಚಿತ್ರಪಟಗಳಲ್ಲಿ ಕಾಣುವ ಕಲ್ಲಿನ ಭವ್ಯ ದುರ್ಗಗಳು ಆಮೇಲೆ ಬಂದವು.

ಆದರೆ ಒಂದು ವ್ಯತ್ಯಾಸ ಮುಖ್ಯವಾದುದು. ಅಲ್ಲಿನ ದಿಬ್ಬದ ಕೋಟೆ ಮೊದಲಿಗೆ ಒಬ್ಬ ಪ್ರಭುವಿನ ಮನೆ. ನಮ್ಮ ಪಾಳೆಯಗಾರರ ಕೋಟೆ ಊರಿನ ಗೋಡೆ. ಅದರೊಳಗೆ ಬಾವಿ, ಕಣಜ, ದೇವಸ್ಥಾನ, ಒಕ್ಕಲಿನ ಮನೆಗಳು ಎಲ್ಲವೂ ಸೇರಿದ್ದವು. ದೇವನಹಳ್ಳಿಯಲ್ಲಿ ಇದನ್ನು ಇಂದಿಗೂ ಕಾಣಬಹುದು. ಕೋಟೆಯೊಳಗೆ ಬೀದಿಗಳಿವೆ, ಮನೆಗಳಿವೆ, ಅಂಗಳದಲ್ಲಿ ರಂಗೋಲಿಯಿದೆ. ವೇಣುಗೋಪಾಲಸ್ವಾಮಿಯ ಗುಡಿಯ ಗೋಡೆಗಳ ಮೇಲೆ ರಾಮಾಯಣದ ಪ್ರಸಂಗಗಳೂ ಕೃಷ್ಣನ ಬಾಲಲೀಲೆಗಳೂ ಕಲ್ಲಿನಲ್ಲಿ ಮೂಡಿವೆ. ಕಾರ್ಕಸೋನ್ ಕೂಡ ಇಂಥ ಊರನ್ನು ಅಪ್ಪಿಕೊಂಡ ಕೋಟೆಯೇ. ಅದರ ಒಳಸುತ್ತಿನ ಬುಡದಲ್ಲಿ ರೋಮನ್ನರ ಕಾಲದ ಕಟ್ಟಡ, ಮೇಲೆ ಮಧ್ಯಯುಗದ ಕಟ್ಟಡ, ಅದರಾಚೆಗೆ 13ನೆಯ ಶತಮಾನದಲ್ಲಿ ಫ್ರಾನ್ಸಿನ ದೊರೆಗಳು ಸೇರಿಸಿದ ಹೊರಸುತ್ತು. ಒಬ್ಬನ ಗೋಡೆಯ ಮೇಲೆ ಇನ್ನೊಬ್ಬನ ಗೋಡೆ; ಹಳೆಯ ಭಯದ ಮೇಲೆ ಹೊಸ ಭಯ.

ದೇವನಹಳ್ಳಿಗೆ ಆ ಹೊಸ ಭಯ ಬಂದುದು 1749ರಲ್ಲಿ. ಮೈಸೂರಿನ ಸೈನ್ಯವು ನಂಜರಾಜಯ್ಯನ ನಾಯಕತ್ವದಲ್ಲಿ ಬಂದು ಕೋಟೆಗೆ ಮುತ್ತಿಗೆ ಹಾಕಿತು. ಮಣ್ಣಿನ ಗೋಡೆಯೆಂದು ಹೀಗಳೆಯುವವರು ಒಂದನ್ನು ಮರೆಯಬಾರದು: ಆ ಗೋಡೆ ಒಂದೆರಡು ದಿನಗಳಲ್ಲಿ ಬೀಳಲಿಲ್ಲ, ಮುತ್ತಿಗೆಯು ತಿಂಗಳುಗಟ್ಟಲೆ ಎಳೆಯಿತು. ಆ ಸೈನ್ಯದಲ್ಲಿ ಯಾವ ಅಧಿಕಾರವೂ ಇಲ್ಲದೆ ಸ್ವಂತ ಇಚ್ಛೆಯಿಂದ ಸೇರಿ ಹೋರಾಡಿದ ಒಬ್ಬ ಸವಾರನಿದ್ದನು. ಅವನ ಧೈರ್ಯವು ನಂಜರಾಜಯ್ಯನ ಕಣ್ಣಿಗೆ ಬಿತ್ತು. ಕೋಟೆ ಕೈವಶವಾದ ಮೇಲೆ ಅವನಿಗೆ 50 ಕುದುರೆ ಸವಾರರನ್ನೂ 200 ಕಾಲಾಳುಗಳನ್ನೂ ಒಪ್ಪಿಸಿ, ದೇವನಹಳ್ಳಿ ಕೋಟೆಯ ಬಾಗಿಲೊಂದರ ಕಾವಲನ್ನು ವಹಿಸಲಾಯಿತು. ಅವನೇ ಹೈದರ್ ಅಲಿ. ಮುಂದೆ ಒಂದೆರಡು ವರ್ಷಗಳೊಳಗೆ ಅವನ ಮಗ ಟಿಪ್ಪು ಹುಟ್ಟಿದುದೂ ಇದೇ ಊರಿನಲ್ಲಿ. ಕೋಟೆಯ ಹೊರಗೆ ಆ ಜನ್ಮಸ್ಥಳವನ್ನು ಗುರುತಿಸುವ ಪುಟ್ಟ ಕಂಬಗಳ ಆವರಣವೊಂದಿದೆ. ಟಿಪ್ಪುವು ತನ್ನ ಹುಟ್ಟೂರಿಗೆ ಯೂಸುಫಾಬಾದ್ ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಅದು ದೇವನಹಳ್ಳಿಯಾಗಿಯೇ ಉಳಿಯಿತು.

ಬಾಗಿಲು ಕಾದವನಿಗೆ ಕೋಟೆಯ ದೌರ್ಬಲ್ಯ ತಿಳಿದಷ್ಟು ಅದರಲ್ಲಿ ಆಳಿದವನಿಗೂ ತಿಳಿಯದು. ಮುಂದೆ ಹೈದರನು ರಾಜ್ಯದ ಸೂತ್ರವನ್ನು ಹಿಡಿದಾಗ ತಾನು ಒಮ್ಮೆ ಮುತ್ತಿದ, ಒಮ್ಮೆ ಕಾಯ್ದ ಈ ಕೋಟೆಗೆ ಕಲ್ಲಿನ ರೂಪ ಕೊಟ್ಟನು. ಬೆಂಗಳೂರಿನ ಮಣ್ಣಿನ ಕೋಟೆಯನ್ನು 1761ರಿಂದ ಕಲ್ಲಿನಲ್ಲಿ ಕಟ್ಟಿಸಲು ಆರಂಭಿಸಿದವನೂ ಅವನೇ. ಇಂದು ದೇವನಹಳ್ಳಿಯಲ್ಲಿ ಕಾಣುವುದು ಹೆಚ್ಚು ಕಡಿಮೆ ಮೊಟ್ಟೆಯಾಕಾರದ, ಸುಮಾರು 20 ಎಕರೆ ನೆಲವನ್ನು ಬಳಸಿ ನಿಂತ ಕೋಟೆ. ಹೊರಮೈಗೆ ಚಚ್ಚೌಕವಾಗಿ ಕಡಿದ ಕಲ್ಲು. ಅಲ್ಲಲ್ಲಿ ಹೊರಕ್ಕೆ ಉಬ್ಬಿದ 12 ಅರ್ಧವೃತ್ತಾಕಾರದ ಬುರುಜುಗಳು. ಅವುಗಳ ನೆತ್ತಿಯಲ್ಲಿ ಇಟ್ಟಿಗೆಯಲ್ಲಿ ಕಟ್ಟಿದ ಗುಂಡಿ ಹಾರಿಸುವ ಕಿಂಡಿಗಳು. ಪೂರ್ವಕ್ಕೂ ಪಶ್ಚಿಮಕ್ಕೂ ಗಾರೆಯ ಕೆಲಸದ ಕಮಾನುಗಳಿಂದ ಅಲಂಕೃತವಾದ ಬಾಗಿಲುಗಳು.

ಬೆಳಗಿನ ಎಳೆಬಿಸಿಲಿನಲ್ಲಿ ತಾತ ಮೊಮ್ಮಗಳು ಇಬ್ಬರೂ ಗೋಡೆಯ ಬುಡದಲ್ಲಿ ನಡೆದರು. ಹುಡುಗಿಯು ಬುರುಜೊಂದರ ಮುಂದೆ ನಿಂತಳು.

"ಇದನ್ನು ಯಾಕೆ ಗುಂಡಗೆ ಕಟ್ಟಿದರು ತಾತ? ಚೌಕ ಕಟ್ಟೋದು ಸುಲಭ ಅಲ್ವಾ?"

"ಸುಲಭವೇನೋ ಹೌದು ಮಗು. ಆದರೆ ಮೂಲೆ ಅನ್ನೋದು ಗೋಡೆಗೆ ಶತ್ರು. ಗುಂಡು ಮೂಲೆಗೆ ಬಿದ್ದರೆ ಕಲ್ಲು ಕಳಚಿಕೊಳ್ಳುತ್ತೆ. ಕೆಳಗೆ ಸುರಂಗ ತೋಡಿ ಒಂದು ಮೂಲೆ ಕುಸಿದರೆ ಎರಡು ಗೋಡೆ ಬಾಯಿ ಬಿಡುತ್ತೆ. ಗುಂಡಗಿದ್ದರೆ ಏಟು ಜಾರಿ ಹೋಗುತ್ತೆ, ಕಲ್ಲು ಕಲ್ಲನ್ನ ಒತ್ತಿ ಹಿಡಿಯುತ್ತೆ."

ಓವರ್‌ಸಿಯರರ ಮಾತಿನಲ್ಲಿ ಎಂಟು ಶತಮಾನಗಳ ಅನುಭವ ಅಡಗಿತ್ತು. ಫ್ರಾನ್ಸಿನಲ್ಲಿ ಮೊದಮೊದಲು ಚೌಕನೆಯ ಕಲ್ಲುಗೋಪುರಗಳೇ ಎದ್ದವು. ಅವುಗಳ ಮೂಲೆಗಳನ್ನು ಮುತ್ತಿಗೆಯವರು ಕೊರೆದು ಕೆಡವುವುದನ್ನು ಕಲಿತ ಮೇಲೆ 12ನೆಯ ಶತಮಾನದ ಕೊನೆಗೆ ದುಂಡು ಗೋಪುರಗಳು ಬಂದವು. ಸೇನ್ ನದಿಯ ದಡದ ಎತ್ತರದಲ್ಲಿ ಇಂಗ್ಲೆಂಡಿನ ರಿಚರ್ಡ್ ದೊರೆ 1196ರಿಂದ 1198ರ ವರೆಗಿನ ಅಲ್ಪಾವಧಿಯಲ್ಲಿ ಕಟ್ಟಿಸಿದ ಗಾಯಾರ್ ದುರ್ಗದ ಒಳಗೋಡೆಯನ್ನು ಅಲೆಅಲೆಯಾಗಿ ಬಾಗಿಸಿದ್ದರು. ಆದರೂ 1204ರಲ್ಲಿ ಅದು ಫ್ರಾನ್ಸಿನ ದೊರೆಯ ವಶವಾಯಿತು. ಶಿಲ್ಪಿಯು ಒಂದು ಹೆಜ್ಜೆ ಮುಂದಿಟ್ಟರೆ ಮುತ್ತಿಗೆಯವನು ಎರಡು ಹೆಜ್ಜೆ ಇಡುತ್ತಾನೆ. ಫಿರಂಗಿ ಬಲಿತ ಮೇಲೆ ಯೂರೋಪಿನವರು ದುಂಡು ಗೋಪುರಗಳನ್ನೂ ಕೈಬಿಟ್ಟು, ಬಾಣದ ಮೊನೆಯಂತೆ ಹೊರಚಾಚಿದ ತಗ್ಗು ಕೊತ್ತಲಗಳಿಗೆ ಹೋದರು. ದುಂಡು ಬುರುಜಿನ ಬುಡಕ್ಕೆ ಅಂಟಿ ನಿಂತ ಶತ್ರು ಪಕ್ಕದ ಬುರುಜಿನವನ ಕಣ್ಣಿಗೂ ಬೀಳುವುದಿಲ್ಲವೆಂಬುದು ಅದಕ್ಕೆ ಒಂದು ಕಾರಣ. ದೇವನಹಳ್ಳಿಯು ಅರ್ಧವೃತ್ತವನ್ನೇ ನೆಚ್ಚಿಕೊಂಡಿತು.

ಇಂಥ ನೆಚ್ಚಿಕೆಗೆ ಪರೀಕ್ಷೆ 1791ರಲ್ಲಿ ಒದಗಿತು. ಆ ವರ್ಷ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯವು ಬೆಂಗಳೂರಿನ ಪೇಟೆಯನ್ನು ಹಿಡಿಯಿತು. ಪೇಟೆಯ ಸುತ್ತ ಇದ್ದ ಕಂದಕವೂ ಮುಳ್ಳುಪೊದೆಗಳ ದಟ್ಟ ಬೇಲಿಯೂ ಅದನ್ನು ತಡೆಯಲಾರದೆ ಹೋದವು. ಒಂದು ಮೈಲಿ ಸುತ್ತಳತೆಯ, 26 ಬುರುಜುಗಳ ಕಲ್ಲಿನ ಕೋಟೆಯ ಗೋಡೆಯನ್ನು ಫಿರಂಗಿಗಳು ಒಂದೇ ಕಡೆ ಹೊಡೆದು ಹೊಡೆದು ಒಡೆದವು. ಮಾರ್ಚ್ 21ರ ರಾತ್ರಿ ಆ ಬಿರುಕಿನ ಮೂಲಕ ಸೈನಿಕರು ನುಗ್ಗಿದರು. ಕೋಟೆಯ ಕಿಲ್ಲೇದಾರ ವೃದ್ಧ ಬಹದ್ದೂರ್ ಖಾನನು ಕಾದಾಡುತ್ತ ಮಡಿದನು. ಅದೇ ವರ್ಷ ದೇವನಹಳ್ಳಿಯೂ ಕಾರ್ನ್‌ವಾಲಿಸನ ವಶವಾಯಿತು. ಅಕ್ಟೋಬರ್ 19ರಂದು ಕಡಿದಾದ ನಂದಿದುರ್ಗವೂ ಬಿದ್ದಿತು.

ಆಮೇಲಿನ ಕಥೆಯೇ ಹೆಚ್ಚು ಯೋಚನೆಗೆ ಹಚ್ಚುವಂಥದು. ಶತ್ರು ಇಲ್ಲದ ಕೋಟೆಗೆ ಕೆಲಸವಿಲ್ಲ. ಬೆಂಗಳೂರು ಕೋಟೆಯು ಫಿರಂಗಿಯ ಏಟಿಗೆ ಕಳೆದುಕೊಂಡುದು ಗೋಡೆಯ ಒಂದು ತುಂಡನ್ನು ಮಾತ್ರ. ಶಾಂತಿಯ ಕಾಲದಲ್ಲಿ ಕಳೆದುಕೊಂಡುದು ಮಿಕ್ಕೆಲ್ಲವನ್ನೂ. ಬೆಳೆಯುವ ಊರಿಗೆ ರಸ್ತೆ ಬೇಕಾಯಿತು, ಕಟ್ಟಡಗಳಿಗೆ ನಿವೇಶನ ಬೇಕಾಯಿತು. ಗೋಡೆ ಇಂಚಿಂಚಾಗಿ ಕರಗಿತು. ಈಗ ಉಳಿದಿರುವುದು ದಿಲ್ಲಿ ಬಾಗಿಲಿನ ಸುತ್ತಲಿನ ಒಂದು ಅಂಚು, ಒಳಗೊಂದು ಗಣಪತಿಯ ಗುಡಿ, 1791ರ ಬಿರುಕಿನ ಜಾಗವನ್ನು ಗುರುತಿಸುವ ಒಂದು ಫಲಕ. ಆ ಕೋಟೆಯ ಬಾಗಿಲು ನಿಲ್ಲದೆ ಪದೇ ಪದೇ ಕುಸಿಯುತ್ತಿದ್ದಾಗ ಕೆಂಪೇಗೌಡನ ಸೊಸೆ ಲಕ್ಷ್ಮಮ್ಮ ತನ್ನ ಪ್ರಾಣವನ್ನೇ ಬಲಿಯಿತ್ತಳೆಂಬ ಕಥೆಯನ್ನು ಜನ ಇನ್ನೂ ಹೇಳುತ್ತಾರೆ. ಯಾವ ಬಾಗಿಲಿಗಾಗಿ ಅವಳು ಜೀವ ಕೊಟ್ಟಳೆಂದು ಕಥೆ ಹೇಳುತ್ತದೋ ಆ ಬಾಗಿಲೇ ಇಲ್ಲ; ಕಥೆ ಮಾತ್ರ ನಿಂತಿದೆ.

ಇದು ನಮ್ಮವರ ಅಸಡ್ಡೆಯೊಂದರಿಂದಲೇ ಆದುದೆಂದು ಹೇಳುವುದು ನ್ಯಾಯವಲ್ಲ. ಫ್ರಾನ್ಸಿನಲ್ಲಿಯೂ ನಾಲ್ಕನೆಯ ಹೆನ್ರಿಯು 1599ರಲ್ಲಿ ಗಾಯಾರ್ ದುರ್ಗವನ್ನು ಕೆಡವಲು ಆಜ್ಞೆಯಿತ್ತನು. ಅದರ ಕಲ್ಲುಗಳನ್ನು ಸಂನ್ಯಾಸಿಗಳು ತಮ್ಮ ಮಠಗಳ ದುರಸ್ತಿಗೆ ಹೊತ್ತುಕೊಂಡು ಹೋದರು. ಇಂದು ಜಗತ್ತೆಲ್ಲ ಕೊಂಡಾಡುವ ಕಾರ್ಕಸೋನಿನ ಗತಿಯೂ ಅದೇ ಆಗುವುದರಲ್ಲಿತ್ತು. 1659ರ ಒಪ್ಪಂದದಿಂದ ಸ್ಪೇನ್ ದೇಶದ ಗಡಿ ದೂರ ಸರಿಯಿತು. ಗಡಿಯ ಕೋಟೆಯು ಒಳನಾಡಿನ ಹಳೆಯ ಗೋಡೆಯಾಯಿತು. 19ನೆಯ ಶತಮಾನದ ನಡುವೆ ಸರ್ಕಾರವು ಅದನ್ನು ಕೆಡವಲು ಕೂಡ ಮನಸ್ಸು ಮಾಡಿತ್ತು. ಆಗ ಅಡ್ಡ ನಿಂತವರಲ್ಲಿ ಮೊದಲಿಗನು ಅದೇ ಊರಿನ ಕ್ರೋ-ಮೈರ್‌ವಿಯೆಯ್ ಎಂಬ ಇತಿಹಾಸಾಸಕ್ತ. ಲೇಖಕ ಪ್ರಾಸ್ಪೆರ್ ಮೆರಿಮೆಯೂ ಅವನ ಬೆಂಬಲಕ್ಕೆ ಬಂದನು. 1853ರಲ್ಲಿ ಶಿಲ್ಪಿ ವಿಯೊಲೆ-ಲ-ದ್ಯುಕ್ ದುರಸ್ತಿಯನ್ನು ಆರಂಭಿಸಿದನು. ಅವನು ಸತ್ತ ಮೇಲೂ ಕೆಲಸ ನಡೆಯಿತು. ಗೋಪುರಗಳಿಗೆ ಅವನು ಹಾಕಿಸಿದ ಮೊನಚು ಛಾವಣಿಗಳು ಆ ಸೀಮೆಗೆ ಒಪ್ಪುವಂಥವಲ್ಲವೆಂದು ಪಂಡಿತರು ಜಗಳವಾಡಿದರು. ಜಗಳವಾಡಲಾದರೂ ಅಲ್ಲಿ ಒಂದು ಕೋಟೆ ಉಳಿದಿತ್ತು.

ಮೊಮ್ಮಗಳು ತಾತನಿಂದ ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಮೌನವಾಗಿದ್ದಳು. "ಹಾಗಾದರೆ ಅಲ್ಲಿ ನಾನು ನೋಡಿದ್ದು ಎಂಟುನೂರು ವರ್ಷದಿಂದ ಹಾಗೇ ನಿಂತಿದ್ದ ಗೋಡೆಯಲ್ಲ, ಯಾರೋ ಹಟ ಹಿಡಿದು ಉಳಿಸಿದ ಗೋಡೆ" ಎಂದಳು.

"ಅಷ್ಟೇ ಕಣಮ್ಮ. ಗೋಡೆ ತಾನಾಗಿ ಉಳಿಯೋದಿಲ್ಲ" ಎಂದರು ತಾತ.

ಅಂಥ ಹಟ ನಮ್ಮಲ್ಲಿ ಇಲ್ಲದಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಪೆರ್ಬೊಳಲು ನಾಡನ್ನು ಕಾಯುತ್ತ ಮಡಿದ ಕಿತ್ತಯ್ಯನೆಂಬ ವೀರನ ಹೆಸರು ಅದರಲ್ಲಿದೆ. ಊರಿನ ರಕ್ಷಣೆಗೆ ತನ್ನ ಮೈಯನ್ನೇ ಗೋಡೆಯಾಗಿ ಒಡ್ಡಿದ ಮನುಷ್ಯ ಅವನು. ನಗರದ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲೊಂದಾದ ಆ ಕಲ್ಲು ಮೋರಿಯ ಚಪ್ಪಡಿಯಾಗಿ ಹೋಗದಂತೆ ಆಸಕ್ತರು ತಡೆದರು. ನಾಗರಿಕರ ಮುತುವರ್ಜಿಯಿಂದ ಅದಕ್ಕೊಂದು ಮಂಟಪವೂ ಆಯಿತು. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಊರನ್ನು ಕಾದವನನ್ನು ಈಗ ಊರು ಕಾಯುತ್ತಿದೆ.

ದೇವನಹಳ್ಳಿಯ ಕೋಟೆ ಇನ್ನೂ ಸುತ್ತು ಮುರಿಯದೆ ನಿಂತಿರುವುದು ಪುಣ್ಯವೆಂದೇ ಹೇಳಬೇಕು. ಅದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಆದರೆ ಇಂದಿನ ಶತ್ರು ಕುದುರೆಯೇರಿ ಬರುವವನಲ್ಲ. ಕಲ್ಲಿನ ಸಂದಿಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಅರಳಿಯ ಸಸಿ ತಲೆಯೆತ್ತುತ್ತದೆ. ಅದರ ಬೇರು ಫಿರಂಗಿಗಿಂತ ನಿಧಾನ, ಫಿರಂಗಿಗಿಂತ ಹಟಮಾರಿ. ಗಾರೆ ಬಿಟ್ಟ ಕಡೆ ಮಳೆಯ ನೀರು ಒಳಗಿಳಿದು ಒಡಲಿನ ಮಣ್ಣನ್ನು ಉಬ್ಬಿಸುತ್ತದೆ. ಉಬ್ಬಿದ ಮಣ್ಣು ಹೊರಗಿನ ಕಲ್ಲನ್ನು ತಳ್ಳುತ್ತದೆ. ಸುತ್ತ ನೆಲಕ್ಕೆ ಚಿನ್ನದ ಬೆಲೆ ಬಂದಿರುವ ಕಾಲದಲ್ಲಿ 20 ಎಕರೆಯ ಹಳೆಯ ಗೋಡೆಯನ್ನು ನೋಡುವ ಕಣ್ಣುಗಳು ಎರಡು ಬಗೆಯವು: ಒಂದು ಅದರ ಕಲ್ಲನ್ನು ನೋಡುತ್ತದೆ, ಇನ್ನೊಂದು ಅದರ ನಿವೇಶನವನ್ನು. ಯಾವ ಕಣ್ಣುಗಳು ಹೆಚ್ಚಾಗುವುವೆಂಬುದನ್ನು ಇಲಾಖೆಯೊಂದೇ ನಿರ್ಧರಿಸಲಾರದು; ಹೆಬ್ಬಾಳ, ಯಲಹಂಕ, ಯಶವಂತಪುರಗಳ ಸಂಸಾರಗಳು ಭಾನುವಾರದ ಬೆಳಿಗ್ಗೆ ಮಕ್ಕಳ ಕೈಹಿಡಿದು ಎಲ್ಲಿಗೆ ಹೋಗುತ್ತವೆ ಎಂಬುದೂ ನಿರ್ಧರಿಸುತ್ತದೆ.

ಹುಡುಗಿಯು ಮೆಟ್ಟಿಲೇರಿ ಗೋಡೆಯ ಮೇಲಿನ ಅಗಲವಾದ ಹಾದಿಗೆ ಹೋದಳು. ಒಂದು ಕಡೆ ಹೆಂಚಿನ ಮನೆಗಳ ಮಾಡು, ಗುಡಿಯ ಶಿಖರ, ಒಣಗಲು ಹಾಕಿದ ಸೀರೆಗಳು. ಇನ್ನೊಂದು ಕಡೆ ತೋಟ, ರಸ್ತೆ, ದೂರದಲ್ಲಿ ಬೆಟ್ಟದ ಸಾಲು. ನೆತ್ತಿಯ ಮೇಲೆ ವಿಮಾನವೊಂದು ತಗ್ಗಿ ಹಾದುಹೋಯಿತು. ಅವಳು ತಲೆಯೆತ್ತಿ ನೋಡಲಿಲ್ಲ. ಬುರುಜುಗಳನ್ನು ಎಣಿಸುತ್ತ ನಡೆದಿದ್ದಳು; ಏಳನೆಯದರ ಹತ್ತಿರ ಲೆಕ್ಕ ತಪ್ಪಿತೆಂದು ಕೂಗಿ ಹೇಳಿ, ಮತ್ತೆ ಮೊದಲಿನಿಂದ ಆರಂಭಿಸಿದಳು. ಕೆಳಗೆ, ಬಾಗಿಲಿನ ನೆರಳಿನಲ್ಲಿ, ತಾತ ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಅವಳಿಗಾಗಿ ಕಾಯುತ್ತಿದ್ದರು.